ನೆರವಿಗೆ ಹೊರಡುವ ಮುನ್ನ ವಾರ್ಡಿನ ಪಟ್ಟಿ ಕೈಯಲ್ಲಿರಲಿ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವಳು. ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ ಅಲ್ಲಿಯೇ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷದಿಂದ ಕೆಲಸದಲ್ಲಿದ್ದೇನೆ. 2024ರ ಜುಲೈಯಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ ನಮ್ಮ ಯುವಕ ಮಂಡಲದವರೆಲ್ಲ ಸೇರಿ ಮನೆಮನೆಯಿಂದ ಔಷಧ, ಬಟ್ಟೆ, ಅಕ್ಕಿ ಒಟ್ಟು ಮಾಡಿ ಪಿಕಪ್ ತುಂಬಿಸಿದೆವು. ಹೊರಡುವ ಹೊತ್ತಿಗೆ, ಬರುವುದು ಬೇಡ, ಹಳೆಯ ಸಾಮಾನು ಕಳುಹಿಸಬೇಡಿ ಎಂಬ ಸೂಚನೆ ಬಂತು. ಅಕ್ಕಿಯನ್ನು ಇಲ್ಲಿಯೇ ಹಂಚಿದೆವು. ಮೂರು ಪೆಟ್ಟಿಗೆ ಔಷಧ ಮಂಡಲದ ಕೋಣೆಯಲ್ಲಿ ಇಂದಿಗೂ ಹಾಗೆಯೇ ಇದೆ. ಕಷ್ಟದಲ್ಲಿರುವವರಿಗೆ ನೆರವಾಗಲು ನಮ್ಮಂಥವರಿಗೆ ದಾರಿಯೇ ಇಲ್ಲವೇ? ಮುಂದೆ ಸುಡಾನ್, ಕಾಂಗೋದಂಥ ಕಡೆ ಹೋಗಿ ದುಡಿಯುವ ಆಸೆಯೂ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನೋವಿದೆ. ಬಾಗಿಲಿನ ತನಕ ಹೋಗಿ ಹಿಂದಕ್ಕೆ ಬಂದವರ ನೋವು ಅದು. ಆದರೂ ಮೊದಲೇ ಹೇಳಿಬಿಡುತ್ತೇನೆ: ನಿಮ್ಮನ್ನು ತಡೆದದ್ದು ಸರಿಯಾಗಿತ್ತು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲದ ಮೇಲೆ ಗುಡ್ಡ ಇಳಿದಾಗ ನಡುವಿನ ಸೇತುವೆಯೇ ಕೊಚ್ಚಿಹೋಗಿತ್ತು. ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಗಲೂ ಇರುಳೂ ದುಡಿದು, ಉಕ್ಕಿನ ಭಾಗಗಳನ್ನು ಜೋಡಿಸಿ ಕಟ್ಟುವ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರಂದು ಕಟ್ಟಿ ಮುಗಿಸುವ ತನಕ ಆಚೆ ದಡಕ್ಕೆ ಮಣ್ಣು ತೆಗೆಯುವ ದೊಡ್ಡ ಯಂತ್ರಗಳು ಸರಾಗವಾಗಿ ಹೋಗುವಂತಿರಲಿಲ್ಲ. ಈಚೆ ದಡದಲ್ಲಿ ಇದ್ದದ್ದು ಮೇಪ್ಪಾಡಿಯ ಕಡೆಯಿಂದ ಬರುವ ಇಕ್ಕಟ್ಟಿನ ಗುಡ್ಡದ ರಸ್ತೆ. ಅಂಥ ರಸ್ತೆಯಲ್ಲಿ ಎದುರಿನಿಂದ ಬರುವ ಪ್ರತಿಯೊಂದು ಪಿಕಪ್‌ಗೂ ಒಂದು ಆಂಬುಲೆನ್ಸ್ ಬದಿಗೆ ನಿಂತು ದಾರಿ ಬಿಡಬೇಕಾಗುತ್ತದೆ.

ನಾನು ಇದನ್ನು ಕಲಿತದ್ದು 2018ರ ಆಗಸ್ಟ್ ಪ್ರವಾಹದಲ್ಲಿ. ಕೇರಳದ ತೆಂಕಣ ಭಾಗದ ಒಂದು ಶಾಲೆಯಲ್ಲಿ ನಿರಾಶ್ರಿತರ ಶಿಬಿರ. ಏಳನೆಯ ತರಗತಿಯ ಕೋಣೆಯೇ ಔಷಧದ ಉಗ್ರಾಣ. ಬೆಂಚುಗಳನ್ನು ಗೋಡೆಗೆ ಒತ್ತಿ, ನೆಲದಲ್ಲಿ ಮೊಣಕಾಲೆತ್ತರಕ್ಕೆ ಪೆಟ್ಟಿಗೆಗಳು. ಬಿಚ್ಚಿದರೆ ಕತ್ತರಿಯಿಂದ ತುಂಡು ಮಾಡಿದ ಮಾತ್ರೆ ಪಟ್ಟಿಗಳು: ಹೆಸರು ಇದ್ದ ಕಡೆ ದಿನಾಂಕ ಇಲ್ಲ, ದಿನಾಂಕ ಇದ್ದ ಕಡೆ ಹೆಸರಿಲ್ಲ. ಅರ್ಧ ಕುಡಿದು ಮುಚ್ಚಿದ ಕೆಮ್ಮಿನ ಔಷಧದ ಬಾಟಲಿಗಳು ಸೋರಿ, ಅದರ ಅಂಟಿಗೆ ಇರುವೆ ಹತ್ತಿತ್ತು. ಇಬ್ಬರು ಫಾರ್ಮಸಿಸ್ಟರು ಎರಡು ದಿನ ಕುಳಿತು ಅದನ್ನು ವಿಂಗಡಿಸಿದರು. ಅದೇ ಎರಡು ದಿನ ಪಕ್ಕದ ಕೋಣೆಯಲ್ಲಿ ಅರುವತ್ತು ದಾಟಿದ ಒಬ್ಬ ತಾಯಿ ಇನ್ಸುಲಿನ್ ಇಲ್ಲದೆ ಕುಳಿತಿದ್ದರು. ಅವರ ಮನೆಯ ಫ್ರಿಡ್ಜ್ ನೀರಿನಡಿ ಇತ್ತು. ಯಾವ ಇನ್ಸುಲಿನ್, ಎಷ್ಟು ಪ್ರಮಾಣ ಎಂದು ಬರೆದ ಚೀಟಿಯೂ ಅದರ ಜೊತೆಗೇ ಹೋಗಿತ್ತು. ಕೋಣೆ ತುಂಬ ಔಷಧ ಇದ್ದರೂ ಅವರಿಗೆ ಬೇಕಾದ ಒಂದು ಪುಟ್ಟ ಬಾಟಲಿ ಇರಲಿಲ್ಲ. ಆ ಪೆಟ್ಟಿಗೆಗಳನ್ನು ಕಳುಹಿಸಿದವರು ಯಾರೂ ಕೆಟ್ಟವರಲ್ಲ, ನಿಮ್ಮ ಹಾಗೆ ಮನಸ್ಸು ಕರಗಿದವರೇ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಇಂಡೋನೇಷ್ಯಾದ ‘ಆಚೆ’ (Aceh) ಎಂಬ ಪ್ರಾಂತಕ್ಕೆ ಜಗತ್ತಿನ ಮೂಲೆಮೂಲೆಯಿಂದ ಸುಮಾರು 4,000 ಟನ್ ಔಷಧ ಬಂದು ಬಿತ್ತು. ಬಹುಪಾಲು ಪೆಟ್ಟಿಗೆಗಳ ಮೇಲಿನ ಬರಹ ಅಲ್ಲಿನವರಿಗೆ ಓದಲು ಬಾರದ ಭಾಷೆಯಲ್ಲಿತ್ತು. ಬಳಸಲಾಗದ್ದನ್ನು ನಾಶ ಮಾಡುವುದಕ್ಕೇ ದೊಡ್ಡ ಮೊತ್ತ ಬೇಕಾಯಿತು. ಹೀಗಾಗಬಾರದೆಂದೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿಯೇ ಔಷಧ ದಾನಕ್ಕೆ ನಿಯಮ ಬರೆದಿತ್ತು. ಕೇಳಿದ್ದನ್ನು ಮಾತ್ರ ಕೊಡಬೇಕು. ತಲುಪುವಾಗ ಸಾಮಾನ್ಯವಾಗಿ ಒಂದು ವರ್ಷವಾದರೂ ಅವಧಿ ಉಳಿದಿರಬೇಕು. ರೋಗಿಗಳಿಗೆ ಕೊಟ್ಟು ಮಿಕ್ಕಿದ್ದು ಬೇಡ. ಬರಹ ಅಲ್ಲಿನ ವೈದ್ಯರಿಗೆ ಅರ್ಥವಾಗಬೇಕು. ಇಷ್ಟೇ.

ಇನ್ನೊಂದು ಘಟನೆ ಇದಕ್ಕಿಂತಲೂ ಕಠೋರ. ಹೇಳದೆ ಇರಲಾರೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಯಿತು. ಅದೇ ಅಕ್ಟೋಬರ್‌ನಲ್ಲಿ, ನೂರು ವರ್ಷದಿಂದ ಕಾಲರಾ ಕಾಣದಿದ್ದ ಆ ದೇಶದಲ್ಲಿ ಕಾಲರಾ ಹುಟ್ಟಿಕೊಂಡಿತು. ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಹೊಲಸು ಹೊಳೆಗೆ ಸೇರಿದ್ದೇ ಅದಕ್ಕೆ ಮೂಲ ಎಂದು ತನಿಖೆಗಳು ತೋರಿಸಿದವು. ಎಂಟು ಲಕ್ಷಕ್ಕೂ ಹೆಚ್ಚು ಮಂದಿಗೆ ರೋಗ ತಗಲಿತು, ಸುಮಾರು 10,000 ಜನ ಸತ್ತರು. ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿ ಕ್ಷಮೆ ಕೇಳಿದ್ದು 2016ರ ಡಿಸೆಂಬರ್‌ನಲ್ಲಿ. ಒಳ್ಳೆಯ ಮನಸ್ಸಿನಿಂದ ಹೋದ ಮಾತ್ರಕ್ಕೆ ಕೆಡುಕಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಹೈಟಿಯ ಆ ಹೊಳೆ ನೆನಪಾಗುತ್ತದೆ. ಅದೇ ಭೂಕಂಪದಲ್ಲಿ, ತಯಾರಿಯೇ ಇಲ್ಲದೆ ಬಂದಿಳಿದ ವೈದ್ಯರ ಗುಂಪುಗಳ ಗೊಂದಲ ನೋಡಿದ ಮೇಲೆ, 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಗಿನಿಂದ ಬರುವ ವೈದ್ಯಕೀಯ ತಂಡಗಳಿಗೆ ದರ್ಜೆ ಮತ್ತು ಕನಿಷ್ಠ ಮಾನದಂಡ ಗೊತ್ತುಮಾಡಿತು. ತಂಡ ತನ್ನ ನೀರು, ಅನ್ನ, ವಿದ್ಯುತ್ತು, ತನ್ನ ಕಸದ ವಿಲೇವಾರಿ ಎಲ್ಲವನ್ನೂ ತಾನೇ ನೋಡಿಕೊಳ್ಳಬೇಕೆಂಬುದು ಅದರ ತಿರುಳು. 2023ರ ಫೆಬ್ರುವರಿಯಲ್ಲಿ ತುರ್ಕಿಯ ಭೂಕಂಪಕ್ಕೆ ಹೋದ ನಮ್ಮ ಸೈನ್ಯದ 60 ಪ್ಯಾರಾ ಫೀಲ್ಡ್ ಆಸ್ಪತ್ರೆಯ 99 ಮಂದಿ ಇಸ್ಕೆಂದರುನ್‌ನಲ್ಲಿ 30 ಹಾಸಿಗೆಗಳ ಆಸ್ಪತ್ರೆ ತೆರೆದದ್ದು ಹಾಗೆ, ಎಲ್ಲವನ್ನೂ ತಾವೇ ಹೊತ್ತುಕೊಂಡು ಹೋಗಿ.

ಹಾಗಾದರೆ ಸಾಮಾನ್ಯರಿಗೆ ಅಲ್ಲಿ ಜಾಗವೇ ಇಲ್ಲವೇ? ಇದೆ. ನಾನು ಬಹಳ ಗೌರವಿಸುವ ಒಂದು ಉದಾಹರಣೆ ಕೊಡುತ್ತೇನೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ತುಂಬಿದರು. ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಆಗ ಡಾ. ದಿಲೀಪ್ ಮಹಲನಬಿಸ್ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸಿದವರು ಬಹುತೇಕ ರೋಗಿಗಳ ಅಮ್ಮಂದಿರು, ಅಣ್ಣತಮ್ಮಂದಿರು. ಅಲ್ಲಿ ಸಾವಿನ ಪ್ರಮಾಣ ನೂರಕ್ಕೆ ಮೂವತ್ತರ ಆಸುಪಾಸಿನಿಂದ ನಾಲ್ಕಕ್ಕೂ ಕೆಳಗೆ ಇಳಿಯಿತು. ಇಂದು ನಿಮ್ಮ ಅಂಗನವಾಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣಕ್ಕೆ ಜಗತ್ತು ಒಪ್ಪಿಗೆ ಕೊಡುವುದರಲ್ಲಿ ಆ ಶಿಬಿರದ ಪಾಲು ದೊಡ್ಡದು. ಬಟ್ಟಲು ಹಿಡಿದ ಆ ಅಮ್ಮಂದಿರಲ್ಲಿ ಯಾರೂ ಹೊರಗಿನಿಂದ ಬಂದವರಲ್ಲ. ಅವರು ಅಲ್ಲಿಯೇ ಇದ್ದರು, ಏನು ಮಾಡಬೇಕೆಂದು ಅವರಿಗೆ ಒಬ್ಬರು ಸರಿಯಾಗಿ ಹೇಳಿಕೊಟ್ಟರು.

ಭೂಕಂಪದಲ್ಲಾಗಲಿ, ನೆರೆಯಲ್ಲಾಗಲಿ ಜೀವಸಹಿತ ಹೊರಬರುವವರಲ್ಲಿ ಹೆಚ್ಚಿನವರನ್ನು ಎತ್ತಿ ತರುವವರು ಮೊದಲ ಕೆಲವು ಗಂಟೆಗಳಲ್ಲಿ ಅಕ್ಕಪಕ್ಕದವರೇ. 2018ರಲ್ಲಿ ದೋಣಿಗಳನ್ನು ಲಾರಿಗೆ ಏರಿಸಿಕೊಂಡು ಹೋದ ಕೇರಳದ ಮೀನುಗಾರರನ್ನು ನೆನೆಯಿರಿ. ಅವರಿಗೆ ನೀರು ಗೊತ್ತಿತ್ತು, ದೋಣಿ ಗೊತ್ತಿತ್ತು. ನಿಮಗೆ ಏನು ಗೊತ್ತಿದೆ ಎಂಬುದೇ ಮೊದಲ ಪ್ರಶ್ನೆ.

ನಿಮಗೆ ಭಾಷೆ ಗೊತ್ತಿದೆ. ಇದನ್ನು ಸಣ್ಣ ವಿಚಾರ ಎಂದು ದಯವಿಟ್ಟು ತಿಳಿಯಬೇಡಿ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಗಳಲ್ಲಿ ಕೊಂಡಾಡುತ್ತೇವೆ. ವೈದ್ಯಕೀಯ ಶಿಬಿರದ ಸಾಲಿನಲ್ಲಿ ನಿಂತ ಅಜ್ಜಿಗೆ ಅದೇ ಏಳು ಬೀಗಗಳಾಗುತ್ತವೆ. ಮಂಜೇಶ್ವರದ ಕಡೆ ಒಂದು ಮಳೆಗಾಲದ ಶಿಬಿರ. ವೈದ್ಯರು ತೆಂಕಣ ಜಿಲ್ಲೆಯಿಂದ ಬಂದ ಎಳೆಯರು, ಬಹಳ ಶ್ರದ್ಧೆಯವರು. ತುಳು ಮಾತ್ರ ಬಲ್ಲ ಅಜ್ಜಿಯನ್ನು ಅವರು ಮಲಯಾಳದಲ್ಲಿ ಕೇಳಿದರು: “ಪನಿ ಉಂಡೋ?” ಜ್ವರ ಇದೆಯೇ ಎಂದು. ತುಳುವಿನಲ್ಲಿ ಪನಿ ಎಂದರೆ ತುಂತುರು ಮಳೆ. ಅಜ್ಜಿ ಕಿಟಕಿಯಾಚೆ ನೋಡಿ, ಈಗ ನಿಂತಿದೆ ಎಂದು ಕೈಸನ್ನೆ ಮಾಡಿದರು. ವೈದ್ಯರು ಜ್ವರ ಇಲ್ಲ ಎಂದು ಬರೆದುಕೊಂಡರು. ಹಿಂದೆ ನಿಂತಿದ್ದ ಆಶಾ ಕಾರ್ಯಕರ್ತೆ ಆ ಅಜ್ಜಿಯ ತೋಳು ಮುಟ್ಟಿ ನೋಡಿದರು: ಸುಡುತ್ತಿತ್ತು. ಮೂರು ದಿನದಿಂದ ಗದ್ದೆಯ ಕೆಸರಿನಲ್ಲಿದ್ದವರು, ಮೀನಖಂಡ ಹಿಡಿದುಕೊಂಡು ನೋವು ಎನ್ನುತ್ತಿದ್ದರು. ಇಲಿಜ್ವರವೆಂಬ ಸಂಶಯದಿಂದ ಅಂದೇ ಆಸ್ಪತ್ರೆಗೆ ಕಳುಹಿಸಿದೆವು, ಬದುಕಿಕೊಂಡರು. ಅಲ್ಲಿ ಜೀವ ಉಳಿಸಿದ್ದು ಒಂದು ಪದದ ಎರಡು ಅರ್ಥ ಬಲ್ಲ ಹೆಂಗಸು.

ಹೊರಗಿನಿಂದ ಬರುವವರಿಗೆ ಕಾಣದ್ದು ಊರಲ್ಲಿ ಇರುವವರಿಗೆ ಕಾಣುತ್ತದೆ ಎಂಬುದಕ್ಕೆ ನಮ್ಮ ಕಾಸರಗೋಡಿನ ಎಣ್ಮಕಜೆ ಪಂಚಾಯತಿಗಿಂತ ದೊಡ್ಡ ಸಾಕ್ಷಿ ಬೇಕೇ? ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಯಿತು. ಪಡ್ರೆ, ಸ್ವರ್ಗದ ಮನೆಗಳಲ್ಲಿ ಒಂದೇ ತೆರನ ಕಾಯಿಲೆಗಳು ಅಸಹಜ ಸಂಖ್ಯೆಯಲ್ಲಿವೆ ಎಂದು ಗಮನಿಸಿ ಬರೆದಿಟ್ಟವರು ವಾಣಿನಗರದಲ್ಲೇ ವೃತ್ತಿ ಮಾಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್. ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹೇಳಿದ್ದು 2011ರಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು 2017ರಲ್ಲಿ. ಈ ನಡುವೆ ಎಷ್ಟೋ ಶಿಬಿರಗಳು ನಡೆದವು, ಎಷ್ಟೋ ಗುಂಪುಗಳು ಬಂದವು, ಹೆಸರು ಬರೆದುಕೊಂಡವು, ಮಕ್ಕಳ ಚಿತ್ರ ತೆಗೆದವು, ಹೋದವು. ಹಾಸಿಗೆಯಲ್ಲಿ ಮಲಗಿದ ಮಗನನ್ನು ದಿನಕ್ಕೆ ನಾಲ್ಕು ಸಲ ಮಗ್ಗುಲು ಬದಲಿಸುವ ತಾಯಿಯ ಸೊಂಟಕ್ಕೆ ಅದರಿಂದ ವಿಶ್ರಾಂತಿ ಸಿಗಲಿಲ್ಲ. ದುರಂತವೆಂದರೆ ಒಂದೇ ರಾತ್ರಿಯಲ್ಲಿ ಆಗುವುದೆಂದು ನಾವು ತಿಳಿದಿದ್ದೇವೆ. ಮೂವತ್ತು ವರ್ಷ ಎಳೆಯುವ ದುರಂತವೂ ಇರುತ್ತದೆ, ಅದು ನಿಮ್ಮ ಮನೆಯಿಂದ ಒಂದು ಬಸ್ ಪ್ರಯಾಣದ ದೂರದಲ್ಲಿದೆ.

ಆದ್ದರಿಂದ ನನ್ನ ಮೊದಲ ಸಲಹೆ: ನಿಮ್ಮ ಪಂಚಾಯತಿನ ಪಾಲಿಯೇಟಿವ್ ಗೃಹಭೇಟಿಯ, ಅಂದರೆ ಹಾಸಿಗೆ ಹಿಡಿದವರ ನೋವು ತಗ್ಗಿಸಲು ಮನೆಗೇ ಹೋಗಿ ಆರೈಕೆ ಮಾಡುವವರ, ವಾಹನ ಹತ್ತಿ. ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭಿಸಿದ ಉಪಶಮನ ಆರೈಕೆಯ ಕೆಲಸ ಇಂದು ಕೇರಳದ ಊರೂರಲ್ಲಿ ಸ್ವಯಂಸೇವಕರ ಬಲದ ಮೇಲೆ ನಿಂತಿದೆ. ರಜೆಯ ದಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ಪಾಲಿಯೇಟಿವ್ ನರ್ಸ್ ಅವರನ್ನು ಕಾಣಿರಿ. ಅವರ ಜೊತೆ ಆರು ತಿಂಗಳು ತಿರುಗಿದರೆ ಹಾಸಿಗೆ ಹುಣ್ಣು ತೊಳೆಯುವುದು, ಕ್ಯಾತಿಟರ್ ಬದಲಿಸುವುದು ಮಾತ್ರವಲ್ಲ, ಯಾವ ಮನೆಗೆ ಆಂಬುಲೆನ್ಸ್ ಹೋಗದು, ಯಾವ ತೋಡಿನ ಸಂಕ ಮಳೆಗೆ ಮುಳುಗುತ್ತದೆ ಎಂಬುದೂ ತಿಳಿಯುತ್ತದೆ. ಸಾಂತ್ವನ ಎಂದರೇನೆಂಬುದೂ ಅಲ್ಲಿಯೇ ಗೊತ್ತಾಗುತ್ತದೆ: ಆದದ್ದನ್ನೆಲ್ಲ ಹೇಳಿ ಎಂದು ಪೀಡಿಸದೆ, ಅವರು ಹೇಳಿದಾಗ ಕೇಳಿಸಿಕೊಂಡು, ಬೇಕಾದವರ ಬಳಿಗೆ ದಾಟಿಸುವುದು.

ಈ ತಿರುಗಾಟದಿಂದ ಒಂದು ಪಟ್ಟಿ ತಯಾರಾಗಬೇಕು. ವಾರ್ಡಿನಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಡಯಾಲಿಸಿಸ್, ಯಾರು ಇನ್ಸುಲಿನ್ ಮೇಲಿದ್ದಾರೆ, ಯಾರಿಗೆ ಅಪಸ್ಮಾರದ ಮಾತ್ರೆ ಒಂದು ದಿನವೂ ತಪ್ಪುವಂತಿಲ್ಲ, ಯಾರ ಹೆರಿಗೆ ಹತ್ತಿರ ಬಂದಿದೆ, ಆಮ್ಲಜನಕದ ಯಂತ್ರ ಯಾವ ಮನೆಯಲ್ಲಿದೆ. ಮಾತನಾಡುವ ಭಾಷೆ ಯಾವುದೆಂದೂ ಬರೆಯಿರಿ. ಕೊರಗರ ಕಾಲನಿಗಳನ್ನು ಬಿಡಬೇಡಿ; ಪಟ್ಟಿಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವವರು ಅವರೇ. ಆಶಾ ಕಾರ್ಯಕರ್ತೆ, ಕುಟುಂಬಶ್ರೀ ಮಹಿಳಾ ಸಂಘದವರು, ವಾರ್ಡ್ ಸದಸ್ಯರು ಸೇರಿ ಕುಳಿತರೆ ಒಂದೆರಡು ಸಂಜೆಯ ಕೆಲಸ. ಪ್ರತಿಯೊಬ್ಬರ ಒಪ್ಪಿಗೆ ಪಡೆದು, ಕಾಗದದ ಮೇಲೆ ಬರೆದು, ಆರೋಗ್ಯ ಕೇಂದ್ರದಲ್ಲಿ ಒಂದು ಪ್ರತಿ ಇಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಲೇಬೇಡಿ.

ಆ ಪಟ್ಟಿಯ ಬೆಲೆ ನಮಗೆ 2020ರ ಮಾರ್ಚ್‌ನಲ್ಲಿ ತಿಳಿಯಿತು. ಕೋವಿಡ್‌ನಿಂದಾಗಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು. ಎದೆನೋವಿಗೂ ಹೆರಿಗೆಗೂ ಮಂಗಳೂರನ್ನೇ ನಂಬಿದ್ದ ಊರುಗಳಿಗೆ ದಾರಿಯೇ ಇಲ್ಲದಾಯಿತು. ಚಿಕಿತ್ಸೆ ಸಿಗದೆ ಜನ ಸತ್ತರು. ಏಪ್ರಿಲ್‌ನಲ್ಲಿ ತಿರುವನಂತಪುರ ಮೆಡಿಕಲ್ ಕಾಲೇಜಿನ ವೈದ್ಯರು, ನರ್ಸುಗಳ ತಂಡವೊಂದು ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದು ಉಕ್ಕಿನಡ್ಕದಲ್ಲಿ ಕೋವಿಡ್ ಆಸ್ಪತ್ರೆ ಶುರುಮಾಡಲು ನೆರವಾಯಿತು. ಅಗ್ನಿಶಾಮಕ ದಳದವರು ಅಗತ್ಯ ಔಷಧಗಳನ್ನು ಠಾಣೆಯಿಂದ ಠಾಣೆಗೆ ದಾಟಿಸಿ ಮನೆಗೆ ತಲುಪಿಸಿದರು. ಆದರೆ ಯಾರ ಮನೆಗೆ, ಯಾವ ಔಷಧ ಎಂದು ಹೇಳಬಲ್ಲವರು ಬೇಕಿತ್ತಲ್ಲ. ಪಟ್ಟಿ ಇದ್ದ ವಾರ್ಡುಗಳಲ್ಲಿ ಒಂದು ಫೋನ್ ಕರೆ ಸಾಕಾಯಿತು. ಇಲ್ಲದ ಕಡೆ, ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು.

ಬಾವಿಯ ಮಾತು ಬಂತು, ಮಂಡಲದ ಹುಡುಗರಿಗೆ ಕಲಿಸಬೇಕಾದ ಕೆಲಸವೂ ಅದೇ. ಮಧುವಾಹಿನಿ ಉಕ್ಕಿ ಮಧೂರು ದೇವಸ್ಥಾನದ ಅಂಗಳಕ್ಕೆ ನೀರು ಬರುವುದನ್ನು ನೋಡಿದವರು ನೀವು. ನೀರು ಇಳಿದ ಮೇಲೆ ಕಾಯಿಲೆ ಬಾವಿಯಿಂದ ಏರುತ್ತದೆ. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ತೆಗೆದು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ನೆರೆ ನುಗ್ಗಿದ ಬಾವಿಗೆ 1,000 ಲೀಟರಿಗೆ 5 ಗ್ರಾಂ ಬ್ಲೀಚಿಂಗ್ ಪುಡಿ. ಅಂದರೆ ಈ ಬಾವಿಗೆ 47 ಗ್ರಾಂ. ಕಣ್ಣಳತೆ ಬೇಡ, ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. ಬಕೆಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಮತ್ತೆ ಮುಕ್ಕಾಲು ಬಕೆಟ್ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಯ ಕೊಡಪಾನಕ್ಕೆ ಬಗ್ಗಿಸಿ, ನೀರಿನ ತಳದ ತನಕ ಇಳಿಸಿ, ಮೇಲೆ ಕೆಳಗೆ ಎತ್ತಿ ಆಡಿಸಿ. ಒಂದು ಗಂಟೆ ಕಳೆಯದೆ ಸೇದಬಾರದು. ಕುಡಿಯುವುದಂತೂ ಕುದಿಸಿಯೇ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಕಡೆಯ ಸುರಂಗಗಳಿಗೆ ಈ ಲೆಕ್ಕ ನಡೆಯದು, ಹರಿಯುವ ನೀರು. ಅದು ಬಂದು ಬೀಳುವ ತೊಟ್ಟಿಯನ್ನು ತೊಳೆದು ಅಲ್ಲಿ ಕ್ಲೋರಿನ್ ಹಾಕಬೇಕು. ಒಂದು ದಿನದಲ್ಲಿ ನಾಲ್ವರು ಹುಡುಗರು ಒಂದು ಬೈಲಿನ ಬಾವಿಗಳನ್ನೆಲ್ಲ ಮುಗಿಸಬಹುದು. ಪಿಕಪ್ ತುಂಬಿಸಿದ ನಿಮ್ಮ ಮಂಡಲಕ್ಕೆ ಇದು ಹೆಚ್ಚಿನ ಕೆಲಸವಲ್ಲ.

ಶುಚಿ ಮಾಡಲು ಕೆಸರಿಗೆ ಇಳಿಯುವವರು ಬೂಟು, ಕೈಗವಸು ಹಾಕಲಿ. ಇಲಿಜ್ವರ ತಡೆಯಲು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುವ ಕ್ರಮ ಕೇರಳದಲ್ಲಿದೆ. ಅದನ್ನು ಆರೋಗ್ಯ ಕೇಂದ್ರದಿಂದಲೇ ಪಡೆಯಬೇಕು, ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳ ವಿಚಾರದಲ್ಲಿ ವೈದ್ಯರೇ ತೀರ್ಮಾನಿಸಬೇಕು. ಶಿಬಿರ ತೆರೆದರೆ ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ ಎಂಬ, ಜಗತ್ತಿನ ನೆರವು ಸಂಸ್ಥೆಗಳು ಪಾಲಿಸುವ ಸ್ಫಿಯರ್ ಮಾನದಂಡ ನೆನಪಿರಲಿ. ಹೆಂಗಸರ ಶೌಚಾಲಯದ ದಾರಿಗೆ ದೀಪ ಇದೆಯೇ ಎಂದು ನೋಡಬೇಕಾದವರು ನೀವು. ಬೇರೆ ಯಾರಿಗೂ ಅದು ಹೊಳೆಯುವುದಿಲ್ಲ.

ಹೆಸರು ನೋಂದಾಯಿಸುವುದಾದರೆ ಕೇರಳ ಸರ್ಕಾರದ ಸಾಮೂಹಿಕ ಸನ್ನದ್ಧ ಸೇನೆ ಎಂಬ ಸ್ವಯಂಸೇವಕರ ಪಡೆ ಇದೆ, ರೆಡ್‌ಕ್ರಾಸ್ ಇದೆ. ಕೇಂದ್ರದ ಆಪದಾ ಮಿತ್ರ ತರಬೇತಿ ನಿಮ್ಮ ಕಡೆ ಯಾವಾಗ ಎಂದು ಜಿಲ್ಲಾಧಿಕಾರಿ ಕಚೇರಿಯ ದುರಂತ ನಿರ್ವಹಣಾ ವಿಭಾಗದಲ್ಲಿ ಕೇಳಿ. ಮುಂದಿನ ಸಲ ಕರೆ ಬಂದಾಗ ನಿಮ್ಮ ಹೆಸರು ಅಲ್ಲಿ ಮೊದಲೇ ಇದ್ದರೆ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ನರ್ಸ್ ಆಗಿ ಇಲ್ಲಿ ಕೆಲಸ ಮಾಡಬೇಕೆಂದಿದ್ದರೆ ಕೇರಳದ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲ್‌ನಲ್ಲಿಯೂ ನೋಂದಣಿ ಬೇಕು. ಮಂಗಳೂರಿನಲ್ಲಿ ಓದಿದ ನಮ್ಮ ಹೆಚ್ಚಿನ ಮಕ್ಕಳು ಇದನ್ನು ಮರೆಯುತ್ತಾರೆ.

ಸುಡಾನ್, ಕಾಂಗೋದ ಆಸೆಯನ್ನು ಬಿಡಬೇಡಿ. ನೈಜೀರಿಯಾದ ಬಯಾಫ್ರಾ ಯುದ್ಧದಲ್ಲಿ ದುಡಿದ ವೈದ್ಯರು ಮತ್ತು ಕೆಲವು ಪತ್ರಕರ್ತರು ಸೇರಿ 1971ರಲ್ಲಿ ಪ್ಯಾರಿಸ್‌ನಲ್ಲಿ ಕಟ್ಟಿದ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ, ಅಂದರೆ ಎಂಎಸ್‌ಎಫ್, ಭಾರತದಿಂದಲೂ ನರ್ಸುಗಳನ್ನು ಆರಿಸುತ್ತದೆ. ಸಾಮಾನ್ಯವಾಗಿ ಎರಡು ವರ್ಷವಾದರೂ ಅನುಭವ ಕೇಳುತ್ತಾರೆ, ತಿಂಗಳುಗಟ್ಟಲೆ ಇರಬೇಕಾಗುತ್ತದೆ, ಸಂಬಳ ಕೊಡುತ್ತಾರೆ. ಕಾಂಗೋಕ್ಕೆ ಫ್ರೆಂಚ್, ಸುಡಾನಿಗೆ ಅರಬಿ ಬಂದರೆ ದಾರಿ ಸಲೀಸು. ಹಣ ಕಟ್ಟಿಸಿಕೊಂಡು, ಎರಡು ವಾರ ಆಫ್ರಿಕಾಕ್ಕೆ ಸೇವೆಗೆ ಕರೆದೊಯ್ಯುತ್ತೇವೆ ಎನ್ನುವವರಿಂದ ದೂರವಿರಿ. ಅಲ್ಲಿಗೆ ಹೋದಾಗ ನಿಮಗೊಂದು ಕಾಣುತ್ತದೆ: ಆ ಸಂಸ್ಥೆಯ ಕೆಲಸಗಾರರಲ್ಲಿ ಬಹುಪಾಲು ಆಯಾ ಊರಿನವರೇ. ಕೇಳಲು ಗೊತ್ತಿದ್ದರೆ ಅವರಿಂದ ಕಲಿಯುತ್ತೀರಿ. ಆ ಕೇಳುವ ಗುಣವನ್ನು ಎಣ್ಮಕಜೆಯ ಒಂದು ಜಗಲಿಯಲ್ಲಿ ಕುಳಿತು ರೂಢಿಸಿಕೊಂಡು ಹೋಗಿ ಎಂಬುದು ನನ್ನ ಕೋರಿಕೆ.

ಇನ್ನು ಆ ಮೂರು ಪೆಟ್ಟಿಗೆ. ಬಾವಿ, ತೋಡಿನ ಹತ್ತಿರ ಎಸೆಯಬೇಡಿ, ಸುಡಬೇಡಿ, ಯಾರಿಗೂ ಹಂಚಬೇಡಿ. ಭಾನುವಾರ ಮಂಡಲದವರೆಲ್ಲ ಕುಳಿತು ಒಂದೊಂದಾಗಿ ತೆರೆದು ನೋಡಲಿ. ಯಾವುದರಲ್ಲಿ ಹೆಸರಿಲ್ಲ, ಯಾವುದರ ಅವಧಿ ಮುಗಿದಿದೆ ಎಂದು ಅವರ ಕೈಯಿಂದಲೇ ಬರೆಯಿಸಿ. ಸೋಮವಾರ ಬರೆದ ಪಟ್ಟಿಯ ಜೊತೆಗೆ ಪೆಟ್ಟಿಗೆಗಳನ್ನು ಕುಟುಂಬ ಆರೋಗ್ಯ ಕೇಂದ್ರದ ಫಾರ್ಮಸಿಸ್ಟರ ಬಳಿಗೆ ಒಯ್ದು, ವೈದ್ಯಕೀಯ ತ್ಯಾಜ್ಯವಾಗಿ ವಿಲೇವಾರಿ ಮಾಡುವ ದಾರಿ ಕೇಳಿ. ಹೇಗೂ ಅಲ್ಲಿಗೆ ಹೋಗಿರುತ್ತೀರಿ, ಪಾಲಿಯೇಟಿವ್ ವಾಹನ ವಾರದ ಯಾವ ದಿನ ನಿಮ್ಮ ವಾರ್ಡಿಗೆ ಹೊರಡುತ್ತದೆ ಎಂದೂ ವಿಚಾರಿಸಿಕೊಂಡು ಬನ್ನಿ.